ಏರುವ ಮುನ್ನ ಬೆನ್ನು ನೋಡಿರಿ



ಕುದುರೆಗೆ ಜೀನು ಕಟ್ಟುವ ವಿಷಯವನ್ನು ಮಠದ ಪತ್ರಿಕೆಯಲ್ಲಿ ಬರೆಯುವುದೇನಿದೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ನೇಮಕಲ್ಲು ಭಾಗದಲ್ಲಿ ಕುದುರೆ ಸಾಕಿದ ಮನೆ ಈಗ ಹುಡುಕಿದರೂ ಸಿಗುವುದು ಕಷ್ಟ. ಎತ್ತಿನ ಬಂಡಿಗಳೇ ಕಡಿಮೆಯಾಗಿ, ಮನೆಯ ಮುಂದೆ ಟ್ರ್ಯಾಕ್ಟರು, ಮೋಟಾರು ಸೈಕಲ್ಲು ನಿಂತಿರುವ ಕಾಲವಿದು. ಆದರೂ ರಾಯದುರ್ಗದಿಂದ ಮಡಕಶಿರಾದವರೆಗೆ, ಇಂದು ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿರುವ ನಮ್ಮ ಭಕ್ತರ ಮುಂದೆ ಈ ಮಾತನ್ನು ಇಡಲೇಬೇಕೆಂದು ನಿಶ್ಚಯಿಸಿದ್ದೇವೆ. ಏಕೆಂದರೆ ಈ ವಿಷಯದಲ್ಲಿ ನಾವು ಒಮ್ಮೆ ತಪ್ಪು ಮಾಡಿದ್ದೇವೆ. ಆ ತಪ್ಪು ಒಂದು ಪ್ರಶ್ನೆಯನ್ನು ನಮ್ಮ ಎದೆಯಲ್ಲಿ ಬಿಟ್ಟುಹೋಗಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಅಂದು ಬಸವ ಜಯಂತಿ. ವೈಶಾಖ ಮಾಸದ ಅಕ್ಷಯ ತದಿಗೆ ಎಂದರೆ ನಮ್ಮ ಸೀಮೆಯ ಬಿಸಿಲು ಹೇಗಿರುತ್ತದೆಂದು ತಮಗೆ ಹೇಳಬೇಕಾಗಿಲ್ಲ. ಬೆಂಗಳೂರಿನ ಬಸವೇಶ್ವರ ವೃತ್ತದಲ್ಲಿರುವ ಮೂರ್ತಿಯಂತೆ ಅಶ್ವಾರೂಢ ಬಸವಣ್ಣನವರ ರೂಪ ನಮ್ಮ ಜನರ ಕಣ್ಣಿಗೆ ಕಟ್ಟಿದ್ದು. ಆದ್ದರಿಂದ ಒಬ್ಬ ಬಾಲಕನಿಗೆ ಬಸವಣ್ಣನವರ ವೇಷ ಹಾಕಿ ಕುದುರೆಯ ಮೇಲೆ ಮೆರವಣಿಗೆ ಮಾಡಬೇಕೆಂದು ಭಕ್ತರು ಅಪೇಕ್ಷೆಪಟ್ಟರು. ಮದುವೆಗಳಿಗೆ ಬಾಡಿಗೆ ಕೊಡುವ ಒಂದು ಕುದುರೆಯನ್ನು ಗಡಿಯಾಚೆಯ ಊರಿನಿಂದ ಗೊತ್ತುಮಾಡಿದೆವು. ಮೆರವಣಿಗೆ ಏಳು ಗಂಟೆಗೆಂದು ಹೇಳಿದ್ದು ಹತ್ತಾಯಿತು. ನಂದಿಕೋಲು, ಸಮಾಳದವರು ಬಂದು ನಿಂತಿದ್ದರು. "ಹೊತ್ತಾಯಿತು, ಹೊತ್ತಾಯಿತು, ಹುಡುಗನನ್ನು ಏರಿಸಿರಿ" ಎಂದು ಕೂಗಿದವರು ಬೇರೆ ಯಾರೂ ಅಲ್ಲ, ನಾವೇ.

ಸೋದರಮಾವ ಹುಡುಗನನ್ನು ಎತ್ತಿ ಕೂರಿಸಿದ. ಎರಡು ಬೀದಿ ದಾಟಿ, ದೊಡ್ಡ ಬೇವಿನ ಮರದ ತಿರುವಿನಲ್ಲಿ ಕುದುರೆ ಒಮ್ಮೆ ಮೈ ಕೊಡವಿತು. ಜೀನು ಜೀನಿನ ಹಾಗೆಯೇ ಮಗುಚಿ ಹೊಟ್ಟೆಯ ಕಡೆಗೆ ಜಾರಿತು. ಹುಡುಗ ಬಿದ್ದ. ಮುಂಗೈ ಮೂಳೆ ಮುರಿಯಿತು. ಜನ ಸುತ್ತುಗಟ್ಟಿದರು. ಯಾರೋ ಬಾರುಕೋಲು ಕಸಿದುಕೊಂಡು ಕುದುರೆಗೆ ನಾಲ್ಕು ಬಾರಿಸಿದರು. ಅದನ್ನು ನೋಡುತ್ತ ನಿಂತಿದ್ದವರಲ್ಲಿ ನಾವೂ ಒಬ್ಬರು. ಸಂಜೆ ಜೀನು ಬಿಚ್ಚಿದಾಗ ಕಂಡಿತು: ಬೆನ್ನಿನ ಮೇಲೆ ಅಂಗೈ ಅಗಲದ ಹಸಿ ಹುಣ್ಣು. ಮೇಲೆ ಜರಿಯ ಬಟ್ಟೆ, ಕೆಳಗೆ ಕೀವು.

ಮರುದಿನ ಸಭೆ ಕೂಡಿತು. ಆಸ್ಪತ್ರೆಯ ಖರ್ಚು ಯಾರು ಕೊಡಬೇಕು, ತಪ್ಪು ಯಾರದು ಎಂಬ ಮಾತು ಬಂತು. ಕುದುರೆಯವನದೆಂದು ಹುಡುಗನ ತಂದೆ ಹೇಳಿದರು. "ಬೆಳಿಗ್ಗೆ ಐದಕ್ಕೇ ಬಿಗಿದಿದ್ದೆ ಸ್ವಾಮಿ, ಐದು ಗಂಟೆ ನಿಲ್ಲಿಸಿದಿರಿ, ಪಟ್ಟಿ ಸಡಿಲಾಗದೆ ಇರುತ್ತದೆಯೆ" ಎಂದು ಕುದುರೆಯವನು ಹೇಳಿದ. ಏರಿಸಿದವರು ಒಮ್ಮೆ ಎಳೆದು ನೋಡಬಾರದಿತ್ತೆ ಎಂದು ಮತ್ತೊಬ್ಬರು. ಸಭೆಯ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಹಿರಿಯರು ಮಾತ್ರ ಬೇರೊಂದು ಮಾತು ಕೇಳಿದರು: "ಅದೆಲ್ಲ ಇರ್ಲಿ, ಅದರ ಬೆನ್ನು ನೋಡಿದವರು ಯಾರಪ್ಪಾ?" ಸಭೆ ಸುಮ್ಮನಾಯಿತು. ನೋಡಿದವರು ಯಾರೂ ಇರಲಿಲ್ಲ.

ಆ ಹಿರಿಯರು ಪ್ರಾಯದಲ್ಲಿ ತಟ್ಟಿನ ಮೇಲೆ ಸರಕು ಹೇರಿಕೊಂಡು ಬಳ್ಳಾರಿಯ ಕಡೆ ಸಂತೆ ಮಾಡಿದವರು. ಅವರು ಎದ್ದು, ಹುಣ್ಣು ಮಾಯುವವರೆಗೂ ಆ ಕುದುರೆಯ ಮೇಲೆ ಏನನ್ನೂ ಹಾಕಬಾರದೆಂದು ಹೇಳಿ, ಅಂಗಳದಲ್ಲಿ ಒಂದು ಮರದ ಮಣೆ, ಕಂಬಳಿ, ಹಗ್ಗ ಇಟ್ಟುಕೊಂಡು ಕಟ್ಟುವ ಕ್ರಮವನ್ನು ನಮಗೆಲ್ಲ ತೋರಿಸಿದರು. ಅದನ್ನು ಇಲ್ಲಿ ಬರೆದಿಡುತ್ತೇವೆ. ಕುದುರೆ ಇಲ್ಲದವರೂ ಓದಿರಿ.

ಮೊದಲನೆಯದು, ಬರಿ ಬೆನ್ನಿನ ಮೇಲೆ ಅಂಗೈ ಆಡಿಸಬೇಕು. ಕುತ್ತಿಗೆ ಮುಗಿದು ಬೆನ್ನು ಮೊದಲಾಗುವಲ್ಲಿ ಒಂದು ಎತ್ತರದ ಮೂಳೆ ಇದೆ. ಅಲ್ಲಿಂದ ಸೊಂಟದವರೆಗೆ, ಆಮೇಲೆ ಪಟ್ಟಿ ಬರುವ ಎದೆಯ ಕೆಳಭಾಗದಲ್ಲಿ ನಿಧಾನವಾಗಿ ಒತ್ತಿ ನೋಡಬೇಕು. ಬಾವು, ಬಿಸಿ, ಕೂದಲು ಉದುರಿದ ಜಾಗ ಇದ್ದರೆ ಕೈಗೆ ಗೊತ್ತಾಗುತ್ತದೆ. ನೋವಿದ್ದರೆ ಕುದುರೆ ಬೆನ್ನು ಕುಗ್ಗಿಸುತ್ತದೆ, ಕಿವಿ ಹಿಂದಕ್ಕೆ ಮಡಚುತ್ತದೆ. ಅದು ಹೇಳುವುದು ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಲು ಅದಕ್ಕೆ ಬರುವುದಿಲ್ಲ.

ಎರಡನೆಯದು, ಮೈ ಉಜ್ಜಿ ಧೂಳು, ಹೊಟ್ಟು, ಒಣಗಿದ ಬೆವರು ತೆಗೆಯಬೇಕು. ಒಂದು ಸಣ್ಣ ಮುಳ್ಳು, ಒಂದು ಹರಳು ಕಂಬಳಿಯ ಕೆಳಗೆ ಉಳಿದರೆ ಸವಾರನ ತೂಕವೆಲ್ಲ ಅದರ ಮೇಲೆ ಕೂರುತ್ತದೆ. ಮೂರನೆಯದು, ಕಂಬಳಿಯನ್ನು ಬೇಕಾದ ಜಾಗಕ್ಕಿಂತ ಸ್ವಲ್ಪ ಮುಂದೆ ಹಾಕಿ ಹಿಂದಕ್ಕೆ ಜಾರಿಸಬೇಕು. ಆಗ ಕೂದಲು ತನ್ನ ಹುಟ್ಟಿನ ದಿಕ್ಕಿಗೇ ಮಲಗುತ್ತದೆ. ಹಿಂದಿನಿಂದ ಮುಂದಕ್ಕೆ ಎಳೆದರೆ ಕೂದಲೆಲ್ಲ ಎದುರು ನಿಂತು ಚರ್ಮ ಕೆರೆಯುತ್ತದೆ. ನಾಲ್ಕನೆಯದು, ಜೀನನ್ನು ಎತ್ತಿ ಒಗೆಯದೆ ಮೆಲ್ಲಗೆ ಇಳಿಸಬೇಕು. ಬೆನ್ನೆಲುಬಿನ ಮೇಲೆ ಜೀನು ಕೂರಬಾರದು. ಎರಡು ಪಕ್ಕದ ಮಾಂಸದ ಮೇಲೆ ಕೂತು, ನಡುವೆ ಗಾಳಿ ಆಡುವಷ್ಟು ಸಂದು ಇರಬೇಕು. ಮುಂದಿನ ಎತ್ತರದ ಮೂಳೆಗೂ ಜೀನಿಗೂ ನಡುವೆ ಎರಡು ಮೂರು ಬೆರಳು ತೂರಬೇಕು. ಸವಾರ ಕುಳಿತ ಮೇಲೂ ಆ ಸಂದು ಮುಚ್ಚಿಹೋಗಬಾರದು.

ಐದನೆಯದು, ಹೊಟ್ಟೆಪಟ್ಟಿ. ಇದೇ ನಮ್ಮನ್ನು ಕೆಡವಿದ್ದು. ಮುಂಗಾಲಿನ ಮೊಣಕೈಯಿಂದ ಒಂದು ಅಂಗೈ ಹಿಂದೆ ಪಟ್ಟಿ ಬರಬೇಕು. ಒಂದೇ ಏಟಿಗೆ ಬಿಗಿಯಬಾರದು. ಮೊದಲು ಸಡಿಲವಾಗಿ, ಆಮೇಲೆ ಒಂದು ತೂತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೂತು. ಬಿಗಿದ ಮೇಲೆ ಮುಂಗಾಲನ್ನು ಒಂದೊಂದಾಗಿ ಎತ್ತಿ ಮುಂದಕ್ಕೆ ಚಾಚಿಸಿದರೆ ಪಟ್ಟಿಯ ಕೆಳಗೆ ಮಡಚಿದ ಚರ್ಮ ಬಿಡಿಸಿಕೊಳ್ಳುತ್ತದೆ. ಪಟ್ಟಿ ಬಿಗಿಯುವಾಗ ಕುದುರೆ ಎದೆಗೂಡು ಉಬ್ಬಿಸಿ ಮೈ ಬಿಗಿಹಿಡಿದು ನಿಲ್ಲುವುದುಂಟು. ಆಮೇಲೆ ಹತ್ತು ಹೆಜ್ಜೆ ನಡೆದರೆ ಮೈ ಸಡಿಲಿಸುತ್ತದೆ, ಪಟ್ಟಿಯೂ ಸಡಿಲಾಗುತ್ತದೆ. ಜನ ಇದನ್ನು ಕುದುರೆಯ ಕಳ್ಳಾಟ ಎನ್ನುತ್ತಾರೆ. ಹಿರಿಯರು ಹಾಗೆನ್ನಲಿಲ್ಲ. "ಹಿಂದೆ ಯಾರೋ ಜೀವ ಹೋಗೋ ಹಂಗೆ ಬಿಗಿದಿರ್ತಾರಪ್ಪಾ, ಅದು ನೆನಪಿಟ್ಕೊಂಡೈತಿ" ಎಂದರು.

ಕೊನೆಯದು, ಏರುವವನು ಏರುವ ಮುನ್ನ ಪಟ್ಟಿಯ ಕೆಳಗೆ ತನ್ನ ಕೈಬೆರಳನ್ನೇ ಹಾಕಿ ನೋಡಬೇಕು. ಕಟ್ಟಿದವನು ತಂದೆಯೇ ಇರಲಿ, ಗುರುವೇ ಇರಲಿ. ಸ್ವಲ್ಪ ದೂರ ನಡೆಸಿ ಮತ್ತೊಮ್ಮೆ ನೋಡಬೇಕು. ಎರಡೂ ಕಡೆಯ ರಿಕಾಪು ಒಂದೇ ಅಳತೆಗಿವೆಯೇ ಎಂದು ಪರೀಕ್ಷಿಸಿ, ಎಡಗಡೆಯಿಂದ ಏರಬೇಕು. ಇಳಿದ ಮೇಲೆಯೂ ಕೆಲಸ ಮುಗಿಯಲಿಲ್ಲ. ಪಟ್ಟಿಯನ್ನು ಮೆಲ್ಲಗೆ ಸಡಿಲಿಸಿ, ಜೀನು ಇಳಿಸಿ, ಬೆನ್ನಿನ ಬೆವರು ಒರಸಿ, ಮತ್ತೆ ಅಂಗೈ ಆಡಿಸಬೇಕು. ಬೆನ್ನು ನೋಡುವುದರಿಂದ ಮೊದಲಾಗಿ ಬೆನ್ನು ನೋಡುವುದರಲ್ಲೇ ಮುಗಿಯುತ್ತದೆ.

ಇಷ್ಟನ್ನು ನೋಡಿದ ಮೇಲೆ ನಮಗೆ ನಮ್ಮ ಒಂದು ಚಾಳಿ ನೆನಪಾಗಿ ನಾಚಿಕೆಯಾಯಿತು. ಎತ್ತು ಕೊಳ್ಳುವಾಗ, ಕುದುರೆ ಗೊತ್ತುಮಾಡುವಾಗ ನಾವು ಸುಳಿ ನೋಡುತ್ತೇವೆ. ಹಣೆಯ ಸುಳಿ, ಎದೆಯ ಸುಳಿ, ಬೆನ್ನಿನ ಸುಳಿ ಎಲ್ಲಿದೆ, ಯಜಮಾನನಿಗೆ ಒಳ್ಳೆಯದೋ ಕೆಟ್ಟದೋ ಎಂದು ಅರ್ಧ ಗಂಟೆ ಚರ್ಚೆ ಮಾಡುತ್ತೇವೆ. ಆ ಕುದುರೆ ಬಂದಾಗಲೂ ಸುಳಿ ನೋಡಿದವರು ನಮ್ಮಲ್ಲಿ ಮೂವರಿದ್ದರು. ಸುಳಿ ನೋಡುವುದು ನಮಗಾಗಿ, ಅದರಿಂದ ನಮಗೇನಾದೀತೆಂಬ ಭಯಕ್ಕಾಗಿ. ಬೆನ್ನು ನೋಡುವುದು ಅದಕ್ಕಾಗಿ, ನಮ್ಮಿಂದ ಅದಕ್ಕೇನಾದೀತೆಂಬ ದಯೆಗಾಗಿ. ಮೊದಲನೆಯದನ್ನು ಮರೆಯದ ನಾವು ಎರಡನೆಯದನ್ನು ಮರೆತೆವು.

ಕುದುರೆಯ ಮಾತು ನಮ್ಮ ನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೇ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ಲಕ್ಷಣ, ಸವಾರಿಗಳ ಬಗ್ಗೆ ವಿವರವಾದ ಭಾಗವಿದೆ. ಕೆಲವೇ ದಶಕಗಳ ನಂತರ ಅದೇ ಕಲ್ಯಾಣದಲ್ಲಿ ಬಸವಣ್ಣನವರು ಭಂಡಾರಿಗಳಾಗಿದ್ದರು. ಕುದುರೆ ಏರಿ ಕೊಡೆ ಹಿಡಿಸಿಕೊಂಡು ಬಂದವರಿಗೆ ಅಡ್ಡಬಿದ್ದು, ನಡೆದು ಬಂದ ಬಡಭಕ್ತನನ್ನು ದೂರ ನಿಲ್ಲಿಸುವ ಜನರನ್ನು ಅವರು ಕಟುವಾಗಿ ಖಂಡಿಸಿದ್ದಾರೆ. ಆ ಮಾತಿಗೆ ನಮ್ಮ ಅನುಭವದಿಂದ ಒಂದನ್ನು ಸೇರಿಸಬೇಕು. ಏರಿದವನನ್ನು ನೋಡುವ ಕಣ್ಣಿಗೆ ನಡೆದು ಬಂದ ಬಡವನೂ ಕಾಣುವುದಿಲ್ಲ, ಹೊತ್ತು ಬಂದ ಕುದುರೆಯೂ ಕಾಣುವುದಿಲ್ಲ.

ವಿಜಯನಗರದ ಕಾಲಕ್ಕೆ ಬಂದರೆ, ನಮ್ಮ ರಾಯದುರ್ಗದ ಸೀಮೆಯೂ ಆ ರಾಜ್ಯದೊಳಗಿತ್ತು. ಕುದುರೆ ವ್ಯಾಪಾರಕ್ಕಾಗಿ ಬಂದಿದ್ದ ನೂನಿಜ್ ಎಂಬ ಪೋರ್ಚುಗೀಸನು 1535ರ ಸುಮಾರಿಗೆ ಬರೆದ ವೃತ್ತಾಂತದಲ್ಲಿ, ರಾಯರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಹೇಳುತ್ತಾನೆ. ಹೊರ್ಮುಜ್ ಬಂದರಿನಿಂದ ಬಂದವೂ ನಾಡಕುದುರೆಗಳೂ ಅದರಲ್ಲಿ ಸೇರಿದ್ದವು. ಅದಕ್ಕೂ ಹಿಂದೆ ಸಾಳುವ ನರಸಿಂಹನ ಕಾಲದಲ್ಲಿ, ಸಮುದ್ರದಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದರಂತೆ. ಸತ್ತದ್ದಕ್ಕೆ ಸಾಕ್ಷಿಯಾಗಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು. ನಾವು ವಾಣಿಜ್ಯಶಾಸ್ತ್ರ ಓದಿ ಲೆಕ್ಕಪತ್ರ ಬರೆಯುವವರು. ಬಾಲವೇ ಓಚರು ಎಂಬುದನ್ನು ಓದಿದಾಗ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಲೆಕ್ಕ ಸರಿಹೋಯಿತು. ಕುದುರೆ ಸತ್ತಿತು.

ಇನ್ನೂ ಹಿಂದೆ, 13ನೇ ಶತಮಾನದ ಕೊನೆಗೆ ದಕ್ಷಿಣದ ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ತಮಿಳು ಸೀಮೆಯ ಅರಸರ ಬಗ್ಗೆ ಇದನ್ನೇ ಬರೆದಿದ್ದಾನೆ. ಅವರು ಸಾವಿರಾರು ಕುದುರೆ ತರಿಸುತ್ತಿದ್ದರು, ಆದರೆ ಆರೈಕೆ ತಿಳಿಯದೆ ಅವುಗಳಲ್ಲಿ ಬಹುಪಾಲು ವರ್ಷದೊಳಗೆ ಸಾಯುತ್ತಿದ್ದವು. ಅರಸನ ಬೊಕ್ಕಸದಲ್ಲಿ ಕೊಳ್ಳುವುದಕ್ಕೆ ಹಣವಿತ್ತು, ಬೆನ್ನಿನ ಮೇಲೆ ಆಡಿಸುವುದಕ್ಕೆ ತಿಳಿದ ಕೈ ಇರಲಿಲ್ಲ.

ಇದಕ್ಕೆ ವಿರುದ್ಧವಾದ ಮಾತನ್ನೂ ಹೇಳಬೇಕು. 1918ರ ಸೆಪ್ಟೆಂಬರ್ 23ರಂದು, ಮೊದಲ ಮಹಾಯುದ್ಧದ ಕೊನೆಯ ದಿನಗಳಲ್ಲಿ, ನಮ್ಮ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಜೋಧಪುರದ ದಳದೊಡನೆ ಸೇರಿ ಹೈಫಾ ಪಟ್ಟಣವನ್ನು ಗೆದ್ದಿತು. ಕಾರ್ಮೆಲ್ ಎಂಬ ಕಡಿದಾದ ಬೆಟ್ಟದ ಮೇಲೆ ಶತ್ರುವಿನ ತೋಪುಗಳಿದ್ದವು. ಅವುಗಳ ಮೇಲೆ ಕುದುರೆ ಏರಿಯೇ ಹೋದ ತುಕಡಿಯಲ್ಲಿ ಮೈಸೂರಿನವರಿದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂರು ಪ್ರತಿಮೆಗಳು ಹೈದರಾಬಾದು, ಮೈಸೂರು, ಜೋಧಪುರದ ಆ ಅಶ್ವದಳಗಳ ಸ್ಮಾರಕ. ನಾವು ಆ ಶೌರ್ಯವನ್ನು ಹೊಗಳುತ್ತೇವೆ, ಹೊಗಳಲೇಬೇಕು. ಆದರೆ ಅಂಥ ಕಲ್ಲುಬೆಟ್ಟದಲ್ಲಿ ಒಂದು ಪಟ್ಟಿ ಸಡಿಲಿದ್ದರೆ ಶೌರ್ಯ ಏನು ಮಾಡೀತು? ಒಳ್ಳೆಯ ಅಶ್ವದಳದಲ್ಲಿ ಸವಾರನು ತನ್ನ ಕುದುರೆಯ ಬೆನ್ನನ್ನು ತಾನೇ ನೋಡುತ್ತಾನೆ. ಕುದುರೆಗೆ ನೀರು, ಮೇವು ಆದ ಮೇಲೆಯೇ ತನ್ನ ಊಟ. ಶೌರ್ಯದ ಕಥೆಯಲ್ಲಿ ಈ ಬೆಳಗಿನ ಕೆಲಸವನ್ನು ಯಾರೂ ಬರೆಯುವುದಿಲ್ಲ. ಅದಿಲ್ಲದೆ ಶೌರ್ಯದ ಕಥೆಯೂ ಇಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಜೀನು ಜಾರಿದರೆ ತಪ್ಪು ಯಾರದು? ಕಟ್ಟಿದವನದೋ, ಏರಿಸಿದವನದೋ, ಅವಸರ ಮಾಡಿದವನದೋ?

ಪಾಲುದಾರಿಕೆಯ ಲೆಕ್ಕದಲ್ಲಿ ನಷ್ಟವನ್ನು ಪ್ರಮಾಣದಂತೆ ಹಂಚುವುದುಂಟು. ಸಭೆಯಲ್ಲಿ ನಾವು ಮೊದಲು ಮಾಡಲು ಹೊರಟದ್ದೂ ಅದನ್ನೇ. ಕುದುರೆಯವನಿಗೆ ಇಷ್ಟು, ಮಠಕ್ಕೆ ಇಷ್ಟು, ಹುಡುಗನ ಮನೆಯವರಿಗೆ ಇಷ್ಟು. ಹಂಚುತ್ತ ಹೋದಾಗ ಒಂದು ಸಂಗತಿ ಹೊರಬಿತ್ತು. ಆ ವಾರ ಮದುವೆಯ ಲಗ್ನಗಳು ಹೆಚ್ಚಿದ್ದವು. ಕುದುರೆ ಒಂದೇ ವಾರದಲ್ಲಿ ಮೂರು ಮೆರವಣಿಗೆ ಮಾಡಿ ಬಂದಿತ್ತು. ಹುಣ್ಣು ಆಗಲೇ ಎದ್ದಿತ್ತು. ಬಿಡುವು ಕೊಟ್ಟರೆ ಅವನಿಗೆ ಆ ದಿನದ ಹುರುಳಿಗೂ ಹಣವಿಲ್ಲ. ಬಾಡಿಗೆ ಮಾತಾಡುವಾಗ ಅವನು ಹೇಳಿದ ದರದಲ್ಲಿ ಚೌಕಾಸಿ ಮಾಡಿ ಐನೂರು ರೂಪಾಯಿ ಇಳಿಸಿದವರು ನಾವು. ಮಠದ ಹಣ ಉಳಿಸಿದೆವೆಂದು ಸಂತೋಷಪಟ್ಟಿದ್ದೆವು. ಆ ಐನೂರು ರೂಪಾಯಿ ಎಲ್ಲಿ ಹೋಗಿತ್ತೆಂದು ಆ ಸಂಜೆ ತಿಳಿಯಿತು. ಅದು ಕುದುರೆಯ ಬೆನ್ನಿನ ಮೇಲೆ ಕುಳಿತಿತ್ತು.

ತಪ್ಪನ್ನು ಹೀಗೆ ನಾಲ್ಕು ಜನರಲ್ಲಿ ಹಂಚಬಹುದು. ಹಂಚಿದಷ್ಟೂ ಒಬ್ಬೊಬ್ಬನ ಪಾಲು ಸಣ್ಣದಾಗುತ್ತದೆ, ಮನಸ್ಸು ಹಗುರವಾಗುತ್ತದೆ. ಆದರೆ ನೋವನ್ನು ಹಂಚಲಾಗುವುದಿಲ್ಲ. ಅದು ಪೂರ್ತಿಯಾಗಿ ಎರಡು ಕಡೆ ಬಿತ್ತು. ಒಂದು ಕೂಸಿನ ಕೈ, ಇನ್ನೊಂದು ಮೂಕಪ್ರಾಣಿಯ ಬೆನ್ನು. ಇಬ್ಬರದೂ ಒಂದು ಕಾಸಿನಷ್ಟೂ ತಪ್ಪಿಲ್ಲ. ಅಷ್ಟು ಸಾಲದೆಂಬಂತೆ ಬಾರುಕೋಲಿನ ಏಟೂ ಬಿದ್ದದ್ದು ಕುದುರೆಗೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಹೇಳಿ ನಗುವ ನಾವು ಅಂದು ಅದನ್ನೇ ಮಾಡಿದ್ದೆವು.

ಆದ್ದರಿಂದ ನಮಗೆ ತೋಚಿದ ಉತ್ತರ ಇದು. ತಪ್ಪು ಯಾರದು ಎಂದು ಆಮೇಲೆ ಕೇಳುವುದಕ್ಕಿಂತ, ನೋವು ಯಾರದಾದೀತು ಎಂದು ಮೊದಲು ಕೇಳಬೇಕು. ಹೊರುವವನು ಮಾತಾಡಬಲ್ಲವನಾದರೆ ಅವನೇ ಹೇಳಿಯಾನು: ಭಾರ ಹೆಚ್ಚಾಯಿತು, ಪಟ್ಟಿ ಚುಚ್ಚುತ್ತಿದೆ ಎಂದು. ಹೊರುವವನಿಗೆ ಮಾತಿಲ್ಲದಿದ್ದರೆ, ಮಾತಿದ್ದರೂ ಆಡುವ ಧೈರ್ಯವಿಲ್ಲದಿದ್ದರೆ, ನೋಡುವ ಹೊಣೆ ಪೂರ್ತಿ ಹೊರಿಸುವವನದು. ಆಗ ಅವನು "ನನ್ನ ಪಾಲು ಕಾಲು ಭಾಗ ಮಾತ್ರ" ಎಂದು ಹೇಳುವಂತಿಲ್ಲ. ಕಟ್ಟಿದವನೂ ಪೂರ್ತಿ ನೋಡಬೇಕು, ಏರಿಸುವವನೂ ಪೂರ್ತಿ ನೋಡಬೇಕು, ಏರುವವನೂ ಪೂರ್ತಿ ನೋಡಬೇಕು. ಬಸವಾದಿ ಶರಣರು ದಯೆಯನ್ನು ಧರ್ಮದ ಬುಡದಲ್ಲಿಟ್ಟರೆಂದು ನಾವು ಪ್ರತಿ ಸಭೆಯಲ್ಲಿ ಹೇಳುತ್ತೇವೆ. ದಯೆ ಎಂದರೆ ಬಿದ್ದ ಮೇಲೆ ಅಯ್ಯೋ ಎನ್ನುವುದು ಮಾತ್ರವಲ್ಲ. ಏರುವ ಮುನ್ನ ಬೆರಳು ಹಾಕಿ ನೋಡುವುದೂ ದಯೆಯೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಎಲ್ಲವನ್ನೂ ಹೀಗೆ ಪರೀಕ್ಷಿಸುತ್ತ ಹೋದರೆ ನಂಬಿಕೆಗೆ ಬೆಲೆಯೇನು? ಕಟ್ಟಿದವನ ಎದುರಿಗೇ ಪಟ್ಟಿ ಎಳೆದು ನೋಡಿದರೆ ಅವನಿಗೆ ಅವಮಾನವಲ್ಲವೆ? ನಮ್ಮ ಹಳ್ಳಿಗಳಲ್ಲಿ ಇದು ದೊಡ್ಡ ಮಾತು. ಬಂಧುವಿಗೆ ಹಣ ಕೊಟ್ಟು ಚೀಟಿ ಬರೆಸಿಕೊಂಡರೆ ಮುನಿಸು. ಅಂಗಡಿಯವರು ತೂಗಿದ್ದನ್ನು ಮತ್ತೆ ತೂಗಿದರೆ ಮುನಿಸು. ಮಠದ ಜಾತ್ರೆಯ ಖರ್ಚಿಗೆ ರಸೀದಿ ಕೇಳಿದರೆ, "ನಮ್ಮನ್ನು ನಂಬುವುದಿಲ್ಲವೇನ್ರೀ ಸೆಕ್ರೆಟ್ರಿಯವರೇ" ಎಂದು ನಮಗೇ ಎಷ್ಟೋ ಜನ ಕೇಳಿದ್ದಾರೆ.

ಇದಕ್ಕೂ ಆ ಹಿರಿಯರ ಅಂಗಳದಲ್ಲೇ ಉತ್ತರ ಸಿಕ್ಕಿತು. ಪಟ್ಟಿ ಸಡಿಲಾದದ್ದು ಕಟ್ಟಿದವನ ಮೋಸದಿಂದಲ್ಲ. ಅವನು ಬೆಳಿಗ್ಗೆ ಸರಿಯಾಗಿಯೇ ಬಿಗಿದಿದ್ದ. ಹೊತ್ತು ಕಳೆಯಿತು, ಕುದುರೆ ಮೈ ಸಡಿಲಿಸಿತು, ಬೆವರಿಗೆ ಚರ್ಮದ ಪಟ್ಟಿ ಹಿಗ್ಗಿತು. ಮನುಷ್ಯ ಪ್ರಾಮಾಣಿಕನಾಗಿದ್ದರೂ ಗಂಟು ಸಡಿಲಾಗುತ್ತದೆ. ಮತ್ತೆ ನೋಡುವುದು ಕಟ್ಟಿದವನ ಮೇಲಿನ ಅಪನಂಬಿಕೆಯಲ್ಲ, ಕಾಲದ ಮೇಲಿನ ಎಚ್ಚರ. ಲೆಕ್ಕ ಪರಿಶೋಧಕರು ವರ್ಷಕ್ಕೊಮ್ಮೆ ಬಂದು ನಮ್ಮ ಪುಸ್ತಕ ನೋಡುವಾಗ ನಮಗೆ ಕೋಪ ಬರುವುದಿಲ್ಲ. ಅವರು ನೋಡುತ್ತಾರೆಂದೇ ನಾವು ಭಕ್ತರ ಮುಂದೆ ತಲೆಯೆತ್ತಿ ನಿಲ್ಲುತ್ತೇವೆ. ಯಾರೂ ನೋಡದ ಗಂಟಿನ ಮೇಲೆ ಕೂಸನ್ನು ಕೂರಿಸುವುದು ನಂಬಿಕೆಯಲ್ಲ, ಸೋಮಾರಿತನ. ನಂಬಿಕೆಯ ಹೆಸರಿನಲ್ಲಿ ನಾವು ಎಷ್ಟೋ ಸಲ ನಮ್ಮ ಸೋಮಾರಿತನವನ್ನೇ ಪೂಜಿಸುತ್ತೇವೆ.

ಕುದುರೆ ಇಲ್ಲದವರಿಗೆ ಇದರಿಂದ ಏನು ಎಂದು ಕೇಳಬಹುದು. ಕಾರಹುಣ್ಣಿಮೆಯ ದಿನ ನಾವು ಎತ್ತಿನ ಕೋಡಿಗೆ ಬಣ್ಣ ಬಳಿದು ಪೂಜಿಸುತ್ತೇವೆ. ಆದರೆ ನೊಗ ಉಜ್ಜಿ ಹೆಗಲು ಬಾತದ್ದನ್ನು ಉಳಿದ ದಿನಗಳಲ್ಲಿ ಎಷ್ಟು ಜನ ಕೈಯಾಡಿಸಿ ನೋಡುತ್ತೇವೆ? ಹುಣ್ಣಿದ್ದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೇ ಆಗಿದೆ. 1965ರ ನಿಯಮಗಳು ತಟ್ಟಿನ ಮೇಲೆ 70 ಕಿಲೋ, ಕತ್ತೆಯ ಮೇಲೆ 50 ಕಿಲೋಗಿಂತ ಹೆಚ್ಚು ಹೇರಬಾರದೆನ್ನುತ್ತವೆ. ಹೇರುವ, ಎಳೆಯುವ ಪ್ರಾಣಿಗಳನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು. ನಮ್ಮ ಸೀಮೆಯ ಬೇಸಿಗೆಯಲ್ಲಿ 37 ಎಂಬುದು ಎಷ್ಟು ದಿನ ದಾಟುತ್ತದೆಂದು ತಾವೇ ಲೆಕ್ಕ ಹಾಕಿರಿ. ಕಾಯ್ದೆಯ ಭಯಕ್ಕಲ್ಲದಿದ್ದರೂ ಕೊರಳ ಲಿಂಗದ ನಾಚಿಕೆಗಾದರೂ ಇದನ್ನು ಪಾಲಿಸಬೇಕು.

ಶ್ರಾವಣದಲ್ಲಿ ಕಸಾಪುರ, ಮುರಡಿ, ನೇಮಕಲ್ಲು ಈ ಮೂರೂ ಆಂಜನೇಯರನ್ನು ಒಂದೇ ದಿನ ನೋಡಬೇಕೆಂದು ಜನ ಟೆಂಪೋ, ಟ್ರ್ಯಾಕ್ಟರುಗಳಲ್ಲಿ ಕಿಕ್ಕಿರಿದು ಓಡುತ್ತಾರೆ. ಟೈರು ನೋಡಿದವರು ಯಾರು, ಟ್ರಾಲಿಯ ಕೊಂಡಿ ನೋಡಿದವರು ಯಾರು? "ಡ್ರೈವರ್ ನೋಡಿರ್ತಾನೆ" ಎಂದು ಜನ, "ಓನರ್ ನೋಡಿರ್ತಾರೆ" ಎಂದು ಡ್ರೈವರ್. ತೊಡೆಯ ಮೇಲೆ ಕುಳಿತ ಕೂಸಿಗೆ ಕೇಳುವ ಬಾಯಿಲ್ಲ.

ವ್ಯಾಪಾರಸ್ಥರಿಗೆ ಇನ್ನೊಂದು ಮಾತು. ಹಮಾಲಿಯ ಬೆನ್ನಿಗೆ ಚೀಲ ಕೊಡುವಾಗ, ಮಳೆ ಹೋದ ವರ್ಷ ಶೇಂಗಾ ಬೆಳೆಗಾರನಿಗೆ ಸಾಲದ ಮೇಲೆ ಸಾಲ ಕೊಡುವಾಗ, ಅಕ್ಷರ ಬಾರದ ಅಣ್ಣನಿಂದ ಜಾಮೀನು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವಾಗ, ಒಮ್ಮೆ ಆ ಕುದುರೆಯನ್ನು ನೆನೆಯಿರಿ. ಅವರಿಗೆ ಬಾಯಿದೆ, ಆದರೆ ಎಲ್ಲ ಸಮಯದಲ್ಲಿ ಆಡುವಂತಿಲ್ಲ. ಬೆನ್ನು ನೋಡದೆ ಹೇರಿದ್ದು ಎಂದೋ ಒಂದು ತಿರುವಿನಲ್ಲಿ ಜಾರುತ್ತದೆ. ಆಗ ಏಟು ಯಾರಿಗೆ ಬೀಳುತ್ತದೆಂದು ಮೇಲೆ ಹೇಳಿದ್ದೇವೆ.

ಕಠೋಪನಿಷತ್ತಿನಲ್ಲಿ ದೇಹವನ್ನು ರಥಕ್ಕೆ, ಇಂದ್ರಿಯಗಳನ್ನು ಕುದುರೆಗಳಿಗೆ, ಮನಸ್ಸನ್ನು ಲಗಾಮಿಗೆ, ಬುದ್ಧಿಯನ್ನು ಸಾರಥಿಗೆ ಹೋಲಿಸಿದ್ದಾರೆ. ಪ್ರವಚನಕಾರರು ಲಗಾಮಿನ ಬಗ್ಗೆಯೇ ಹೆಚ್ಚು ಹೇಳುತ್ತಾರೆ: ಇಂದ್ರಿಯಗಳನ್ನು ಬಿಗಿಹಿಡಿಯಿರಿ ಎಂದು. ಸರಿಯೇ. ಆದರೆ ಬಿಗಿಹಿಡಿಯುವವನಿಗೆ ಕುದುರೆಯ ಮೈ ಗೊತ್ತಿರಬೇಕು. ಉಪವಾಸ, ವ್ರತ, ದುಡಿಮೆ ಎಂದು ಸ್ವಂತ ದೇಹಕ್ಕೂ ನಾವು ಬೆನ್ನು ನೋಡದೆ ಹೇರುವುದುಂಟು. ಸಕ್ಕರೆ ಕಾಯಿಲೆಯ ಹಿರಿಯರು ಔಷಧಿ ಬಿಟ್ಟು ನಿರಾಹಾರ ಮಾಡಿ, ಮಠದ ಅಂಗಳದಲ್ಲೇ ತಲೆ ಸುತ್ತಿ ಕುಳಿತದ್ದನ್ನು ಕಂಡಿದ್ದೇವೆ. ದೇಹವನ್ನೇ ದೇಗುಲವೆಂದು ತಿಳಿದ ಪರಂಪರೆ ನಮ್ಮದು. ದೇಗುಲದ ಕಂಬ ನೋಡದೆ ಮೇಲೆ ಕಲಶ ಏರಿಸುವವರುಂಟೆ?

ಕೊನೆಗೆ ಸಭೆ ಏನು ತೀರ್ಮಾನ ಮಾಡಿತೆಂದು ಹೇಳಿ ಮುಗಿಸುತ್ತೇವೆ. ಹುಡುಗನ ಆಸ್ಪತ್ರೆಯ ಖರ್ಚನ್ನು ಮಠವೇ ಭರಿಸಿತು. ಚೌಕಾಸಿಯಲ್ಲಿ ಇಳಿಸಿದ ಐನೂರು ರೂಪಾಯಿಯನ್ನು ಕುದುರೆಯವನಿಗೆ ಕೊಟ್ಟೆವು. ಹುಣ್ಣು ಮಾಯುವವರೆಗೆ ಕುದುರೆಯನ್ನು ಬಾಡಿಗೆಗೆ ಬಿಡಬಾರದೆಂದು ಅವನಿಂದ ಮಾತು ತೆಗೆದುಕೊಂಡು, ಆ ದಿನಗಳ ಮೇವು, ಹುರುಳಿ, ಪಶುವೈದ್ಯರ ಔಷಧಿಯ ಖರ್ಚನ್ನೂ ಕೊಟ್ಟೆವು. ವರ್ಷದ ಕೊನೆಗೆ ಲೆಕ್ಕ ಪರಿಶೋಧಕರು "ಕುದುರೆಯ ಬೆನ್ನಿನ ಔಷಧಿ ಬಾಬ್ತು" ಎಂಬ ಸಾಲಿನ ಮೇಲೆ ಬೆರಳಿಟ್ಟು, "ಮಠದಲ್ಲಿ ಕುದುರೆ ಇದೆಯೇನ್ರೀ?" ಎಂದು ಕೇಳಿದರು. ಇಲ್ಲ ಎಂದೆವು. ಹಾಗಾದರೆ ಈ ಖರ್ಚು ಏಕೆ ಎಂದರು. ನಡೆದದ್ದನ್ನು ನಡೆದಂತೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಓಚರು ನೋಡಿ ಸಹಿ ಮಾಡಿದರು.

ಮುಂದಿನ ವರ್ಷ ಬೇರೊಂದು ಕುದುರೆ ಬಂತು. ಈ ಸಲ ಹಿಂದಿನ ಸಂಜೆಯೇ ತರಿಸಿ, ಜೀನು ಬಿಚ್ಚಿಸಿ, ಆ ಹಿರಿಯರೂ ನಾವೂ ಕೂಡಿ ಬೆನ್ನಿನ ಮೇಲೆ ಅಂಗೈ ಆಡಿಸಿದೆವು. ಪಟ್ಟಿಯ ಜಾಗದಲ್ಲಿ ಸಣ್ಣ ಬಾವು ಕೈಗೆ ತಗುಲಿತು. ಏರಿಸುವುದು ಬೇಡವೆಂದೆವು. ಬಾಡಿಗೆಯನ್ನು ಪೂರ್ತಿ ಕೊಟ್ಟೆವು. ಕೆಲವು ಭಕ್ತರು ಮುನಿಸಿಕೊಂಡರು, ಕುದುರೆ ಇಲ್ಲದೆ ಮೆರವಣಿಗೆಗೆ ಕಳೆಯೇನೆಂದರು. ಬಸವಣ್ಣನವರ ವೇಷದ ಬಾಲಕ ನಡೆದುಕೊಂಡೇ ಹೊರಟ. ಬರಿ ಬೆನ್ನಿನ ಕುದುರೆ, ಕೊರಳಲ್ಲಿ ಒಂದು ಹೂಮಾಲೆ ಹಾಕಿಕೊಂಡು, ಅವನ ಪಕ್ಕದಲ್ಲೇ ನೆರಳಿನ ಕಡೆಯಿಂದ ನಡೆದು ಬಂತು. ಬೇವಿನ ಮರದ ತಿರುವಿನಲ್ಲಿ ಹೋದ ವರ್ಷ ಬಿದ್ದಿದ್ದ ಹುಡುಗ ನಿಂತಿದ್ದ. ಅವನು ಕುದುರೆಗೆ ಒಂದು ಬಾಳೆಹಣ್ಣು ತಿನ್ನಿಸಿದ. ಆ ತಿನ್ನಿಸಿದ ಕೈ, ಮುರಿದು ಕೂಡಿದ ಕೈಯೇ ಆಗಿತ್ತು.

ಭಕ್ತರು ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಯಾರ ಬೆನ್ನಿನ ಮೇಲೆ ಏನು ಹೇರಿದ್ದೇವೆಂಬುದನ್ನು ಒಮ್ಮೆ ಕೈಯಾಡಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇವೆ. ನಮ್ಮ ಕಡೆಯಿಂದ ಮಠದ ಕೆಲಸದಲ್ಲಿ ಎಲ್ಲಾದರೂ ಪಟ್ಟಿ ಸಡಿಲಾಗಿದ್ದರೆ, ಎಳೆದು ನೋಡಿ ಹೇಳಿರಿ. ನಾವು ಮುನಿಸಿಕೊಳ್ಳುವುದಿಲ್ಲ.